ಹುಡುಗರನ್ನು ಜಗಲಿಯಿಂದ ಎಬ್ಬಿಸಬೇಡಿ

ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಹಾಗೇ ಊರಿನ ಅಪ್ಪ-ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಅಧ್ಯಕ್ಷರೇ, ದಿನಾ ಅಂಗಡಿ ಮುಂದೆ ಹಾದು ಹೋಗುವಾಗ ನಿಮ್ಮನ್ನು ಅಕ್ಕ ಅಂತ ಕರೆಯುವವನು ನಾನು. ಪತ್ರದಲ್ಲಿ ಮಾತ್ರ 'ಮಾನ್ಯರೇ' ಅಂತ ಬರೆಯಲು ಕೈ ಓಡುತ್ತಿಲ್ಲ. ಅಕ್ಕ ಅಂತಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕಳೆದ ಸಭೆಯಲ್ಲಿ ನನ್ನ ಅಂಗಡಿ ವಿಷಯ ಬಂತು ಅಂತ ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿ ಜಗಲಿಯಲ್ಲಿ ಹುಡುಗರು ಗುಂಪು ಕಟ್ಟಿಕೊಂಡು ರಾತ್ರಿ ಒಂಬತ್ತರವರೆಗೆ ಮೊಬೈಲಿನಲ್ಲಿ ಪಬ್ಜಿ ಆಡುತ್ತಾರೆ, ಕೂಗಾಡುತ್ತಾರೆ, ಕೆಟ್ಟ ಮಾತಾಡುತ್ತಾರೆ. ಸಂಜೆ ಆರರ ಮೇಲೆ ಅವರಿಗೆ ವೈಫೈ ಕೊಡಬಾರದು, ಪಂಚಾಯಿತಿ ಲೈಬ್ರರಿಯ, ಅಂದರೆ ಅರಿವು ಕೇಂದ್ರದ, ಪಾಸ್‌ವರ್ಡನ್ನೂ ಬದಲಾಯಿಸಬೇಕು. ಹೀಗೊಂದು ಠರಾವು ಮುಂದಿನ ಸಭೆಗೆ ಬರುತ್ತದಂತೆ. ನನಗೆ ನೋಟಿಸ್ ಬಂದಿಲ್ಲ, ಹಾಲಿನ ಡೇರಿಯಲ್ಲಿ ಕೇಳಿದ್ದು. ನಮ್ಮೂರಲ್ಲಿ ನೋಟಿಸಿಗಿಂತ ಡೇರಿ ಫಾಸ್ಟು.

ಕೂಗಾಡುವುದು ನಿಜ. ಕೆಟ್ಟ ಮಾತೂ ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಠರಾವಿಗೆ ಕೈ ಎತ್ತುವ ಮೊದಲು, ಆ ಜಗಲಿಯ ಪಕ್ಕದಲ್ಲೇ ಕೂತು ಜೆರಾಕ್ಸ್ ಮಾಡುವವನ ಮಾತೂ ಒಂದಿಷ್ಟು ಕಿವಿಗೆ ಬೀಳಲಿ.

ಮೊನ್ನೆ ಪುನರ್ವಸು ಮಳೆ ಹೊಯ್ಯುತ್ತಿದ್ದ ಒಂದು ಸಂಜೆ. ಕರೆಂಟ್ ಮಧ್ಯಾಹ್ನವೇ ಹೋಗಿತ್ತು. ಬ್ಯಾಟರಿಯಲ್ಲಿ ಒಂದು ರೂಟರ್, ಒಂದು ಬಲ್ಬು ಮಾತ್ರ. ಜಗಲಿಯಲ್ಲಿ ನಾಲ್ವರು. ಇಬ್ಬರು ಪಿಯುಸಿ, ಒಬ್ಬ ಐಟಿಐ. ನಾಲ್ಕನೆಯವನು ಓದು ಬಿಟ್ಟವನು, ಮಳೆ ಹೊಳವಾದಾಗ ಮರ ಹತ್ತಿ ಅಡಿಕೆಗೆ ಕೊಳೆ ಔಷಧಿ ಹೊಡೆಯುತ್ತಾನೆ. ಅವನ ಉಗುರಿನ ಸಂದಿಯಲ್ಲಿ ಮೈಲುತುತ್ತದ ನೀಲಿ ಹಾಗೇ ಇತ್ತು. ಬೆರಳು ಒದ್ದೆಯಾಗಿದ್ದರೆ ಸ್ಕ್ರೀನ್ ಮಾತು ಕೇಳುವುದಿಲ್ಲ, ಅದಕ್ಕೆ ಆಗಾಗ ಲುಂಗಿಗೆ ಒರೆಸಿಕೊಳ್ಳುತ್ತಿದ್ದ.

"ಎನಿಮಿ ಸ್ಕೂಲ್ ಮೇಲಿದಾರೆ. ಇಬ್ರು."

"ನಾಕ್ ಆದೆ, ನಾಕ್ ಆದೆ. ರಿವೈವ್ ಕೊಡ್ರೋ."

"ತಡಿಯೋ ಬಂದೆ, ಸ್ಮೋಕ್ ಹಾಕ್ತೀನಿ."

"ಜೋನ್ ಬರ್ತಿದೆ, ನನ್ನ ಬಿಟ್ಟು ಹೋಗಿ."

"ಸುಮ್ನೆ ಬಿದ್ಕೊಂಡಿರೋ."

ಹೊರಗಿನಿಂದ ಕೇಳಿದರೆ ಇದು ಬರೀ ಗದ್ದಲ. ಒಳಗೆ ನಡೆಯುವುದು ಏನು ಅಂತ ಹೇಳುತ್ತೇನೆ. ಮೊದಲು ಹೆಸರು ಸರಿ ಮಾಡೋಣ. ಊರಿಡೀ ಪಬ್ಜಿ ಅನ್ನುತ್ತದೆ. ಆ ಹೆಸರಿನ ಮೊಬೈಲ್ ಆಟ ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರ್ 2ರಂದೇ ಬ್ಯಾನ್ ಆಯಿತು. ಈಗ ಇವರು ಆಡುವುದು 2021ರ ಜುಲೈನಲ್ಲಿ ಬಂದ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಆಟ ಹೆಚ್ಚುಕಮ್ಮಿ ಅದೇ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ. ಎರಾಂಗಲ್ ಅನ್ನುವ ದ್ವೀಪ 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ನಾಲ್ಕು ನಾಲ್ಕು ಜನರ ತಂಡ, ಅದು ಸ್ಕ್ವಾಡ್. ಬಿದ್ದಿರುವ ಬಂದೂಕು, ಔಷಧಿ, ಹೆಲ್ಮೆಟ್ ಹುಡುಕಿ ಎತ್ತಿಕೊಳ್ಳಬೇಕು, ಅದು ಲೂಟ್. ಹೊತ್ತು ಹೋದ ಹಾಗೆ ಆಡುವ ಜಾಗದ ಸುತ್ತು ಸಣ್ಣದಾಗುತ್ತದೆ, ಅದು ಜೋನ್. ಸುತ್ತಿನ ಹೊರಗೆ ಉಳಿದವನ ಕಥೆ ಮುಗಿಯಿತು. ಅರ್ಧ ಗಂಟೆಯ ಹೊತ್ತಿಗೆ ಒಂದೇ ತಂಡ ಉಳಿಯುತ್ತದೆ, ಅವರಿಗೆ ಚಿಕನ್ ಡಿನ್ನರ್ ಅಂತ ಬರುತ್ತದೆ. ನಮ್ಮ ನಾಲ್ವರಲ್ಲಿ ಒಬ್ಬ ಮೊಟ್ಟೆಯನ್ನೂ ಮುಟ್ಟದವನು. ಚಿಕನ್ ಡಿನ್ನರಿಗೆ ಎಲ್ಲರಿಗಿಂತ ಜಾಸ್ತಿ ಬಾಯಿ ಬಿಡುವವನೂ ಅವನೇ.

ನಾಕ್ ಆದವನು ಸತ್ತಿರುವುದಿಲ್ಲ, ನೆಲದ ಮೇಲೆ ತೆವಳುತ್ತಿರುತ್ತಾನೆ. ಜೊತೆಯವನು ಬಂದು ಪಕ್ಕದಲ್ಲಿ ಕೂತು ಹತ್ತು ಸೆಕೆಂಡಿನಷ್ಟು ಆರೈಕೆ ಮಾಡಿದರೆ ಎದ್ದು ನಿಲ್ಲುತ್ತಾನೆ. ಅಷ್ಟು ಹೊತ್ತು ಆರೈಕೆ ಮಾಡುವವನ ಕೈಗೆ ಬಂದೂಕು ಇಲ್ಲ. ಯಾರು ಬೇಕಾದರೂ ಹೊಡೆಯಬಹುದು. ಯಾರು ಬರುತ್ತಾನೆ, ಯಾರು ಲೂಟ್ ಹಿಡಿದುಕೊಂಡು ಓಡುತ್ತಾನೆ ಅನ್ನುವುದರ ಮೇಲೆ ಜಗಲಿಯಲ್ಲಿ ಒಬ್ಬೊಬ್ಬರ ಮರ್ಯಾದೆ ನಿಂತಿದೆ. ಔಷಧಿ ಹೊಡೆಯುವವನಿಗೆ ಗುರಿ ಇಡಲು ಬರುವುದಿಲ್ಲ. ಆದರೆ ಬಿದ್ದವನ ಹತ್ತಿರ ಮೊದಲು ಓಡುವವನು ಅವನೇ. ಅವನು ಬರುವವರೆಗೆ ಉಳಿದವರು ಸ್ಟಾರ್ಟ್ ಒತ್ತುವುದಿಲ್ಲ.

ಒಂದು ತಕರಾರು ನನಗೂ ಇದೆ. ಆ ದ್ವೀಪದ ಪೋಚಿಂಕಿ ಅನ್ನುವ ಊರಲ್ಲಿ ಯಾವ ಮನೆಗೆ ಹಿತ್ತಿಲ ಬಾಗಿಲಿದೆ, ಯಾವ ಮನೆಯ ಮೆಟ್ಟಿಲು ಎಲ್ಲಿದೆ ಅಂತ ಇವರಿಗೆ ಕಣ್ಣು ಮುಚ್ಚಿ ಗೊತ್ತು. ನಮ್ಮ ಮೇಲ್ಕೇರಿಯಲ್ಲಿ ಯಾರ ಮನೆ ಯಾವುದು ಅಂತ ಕೇಳಿ, ತಲೆ ಕೆರೆದುಕೊಳ್ಳುತ್ತಾರೆ.

ದೂರದೂರದವರು ಕೂಡಿ ಆಡುವ ಈ ಚಾಳಿ ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ ಅಕ್ಕ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಅನ್ನುವ ವಿದ್ಯಾರ್ಥಿ ಇಂಥ ಆಟವೊಂದನ್ನು ಶುರು ಮಾಡಿದ. ರಿಚರ್ಡ್ ಬಾರ್ಟಲ್ ಅನ್ನುವವನು ಮುಂದುವರಿಸಿದ. ಚಿತ್ರವಿಲ್ಲ, ಬರೀ ಅಕ್ಷರ. ಅದರಲ್ಲೇ ಜನ ಸೇರಿ ಜಗಳವಾಡಿದರು, ಸ್ನೇಹ ಮಾಡಿಕೊಂಡರು. ಈ ಬಾರ್ಟಲ್ 1996ರಲ್ಲಿ ಆಟಗಾರರನ್ನು ಇಸ್ಪೀಟಿನ ಎಲೆಗಳ ಹಾಗೆ ನಾಲ್ಕು ಜಾತಿ ಮಾಡಿದ. ಗೆಲುವು, ಅಂಕ ಬೇಕು ಅನ್ನುವವರು ಡೈಮಂಡ್. ಸಂದಿಗೊಂದಿ ಅಗೆದು ನೋಡುವವರು ಇಸ್ಪೀಟು. ಇನ್ನೊಬ್ಬರಿಗೆ ಬಡಿಯುವುದರಲ್ಲೇ ಖುಷಿ ಕಾಣುವವರು ಕಳಾವರ್. ಆಟ ನೆಪ, ಮಾತಿಗೆ ಬರುತ್ತೇನೆ ಅನ್ನುವವರು ಆಟೀನು. ನಮ್ಮ ಜಗಲಿಯಲ್ಲಿ ನಾಲ್ಕೂ ಇವೆ. ಯಾರು ಯಾವುದು ಅಂತ ಹೇಳಿದರೆ ನಾಳೆ ಅಂಗಡಿಯಲ್ಲಿ ಜಗಳ.

ಇಸ್ಪೀಟಿನ ಮಾತು ಬೇಕಂತಲೇ ಎತ್ತಿದೆ. ದೀಪಾವಳಿ ರಾತ್ರಿ ನಮ್ಮೂರಿನ ಎಷ್ಟು ಜಗಲಿಯಲ್ಲಿ ಎಲೆ ಕಟ್ಟು ಬಿಚ್ಚುತ್ತದೆ, ಯಾರ್ಯಾರು ಬೆಳಗಿನವರೆಗೆ ಕೂರುತ್ತಾರೆ ಅಂತ ಸಭೆಯಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಅದರ ಮೇಲೆ ಠರಾವು ಬಂದಿದ್ದು ನನಗೆ ನೆನಪಿಲ್ಲ.

ಜಗಲಿಯಲ್ಲಿ ಕಾಣದ ಐದನೆಯವನೊಬ್ಬನಿದ್ದಾನೆ. ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೋದ, ಪೀಣ್ಯದ ಕಡೆ ಕೆಲಸ. ಶಿಫ್ಟ್ ಮುಗಿಸಿ ರೂಮಿಗೆ ಬಂದು ಎಂಟೂವರೆಗೆ ಆನ್‌ಲೈನ್ ಬರುತ್ತಾನೆ. ಆಗ ಇಲ್ಲಿ ಒಬ್ಬ ಜಾಗ ಬಿಟ್ಟು ಕೊಡುತ್ತಾನೆ, ಪಕ್ಕದವನ ಫೋನಿಗೆ ಇಣುಕುತ್ತಾ ಕೂರುತ್ತಾನೆ. ಮ್ಯಾಚ್ ಶುರುವಾಗುವ ಮೊದಲು ಎಲ್ಲರೂ ನಿಲ್ಲುವ ಅಂಗಳಕ್ಕೆ ಲಾಬಿ ಅನ್ನುತ್ತಾರೆ. ನಾಲ್ಕು ಬೊಂಬೆಗಳು ಬಂದೂಕು ಹೆಗಲಿಗೆ ಹಾಕಿಕೊಂಡು ನಿಂತೇ ಇರುತ್ತವೆ. ಮಾತು ಮಾತ್ರ ನಡೆಯುತ್ತಿರುತ್ತದೆ.

"ಅಮ್ಮಂಗೆ ಕೆಮ್ಮು ಕಮ್ಮಿ ಆಯ್ತೇನೋ? ಹೋಗಿ ನೋಡ್ಕೊಂಡ್ ಬಂದ್ಯಾ?"

"ಈ ಸಲ ಕೊಳೆ ಎಷ್ಟು ಬಂದಿದೆ ನಮ್ಮ ತೋಟಕ್ಕೆ? ಅಪ್ಪ ಫೋನಲ್ಲಿ ಏನೂ ಹೇಳಲ್ಲ."

"ಕೆಂಪಿ ಕರು ಹಾಕ್ತಂತೆ. ಫೋಟೋ ಹಾಕೋ."

ಅವನ ಅಮ್ಮ ನನ್ನ ಅಂಗಡಿಗೆ ಕರೆನ್ಸಿ ಹಾಕಿಸಲು ಬರುತ್ತಾರೆ. 'ಮಗ ಫೋನ್ ಮಾಡಿದ್ರೆ ಊಟ ಆಯ್ತು, ಆರಾಮಿದೀನಿ, ಇಡ್ಲಾ ಅಂತಾನೆ, ಎರಡು ನಿಮಿಷ ಮಾತಾಡಲ್ಲ' ಅಂತ ಅವರ ದೂರು. ಅದೇ ಹುಡುಗ ಲಾಬಿಯಲ್ಲಿ ಅರ್ಧ ಗಂಟೆ ಮಾತಾಡುತ್ತಾನೆ. ಒಮ್ಮೊಮ್ಮೆ ಮ್ಯಾಚ್ ಆಡದೆಯೇ ಗುಡ್‌ನೈಟ್ ಹೇಳಿ ಹೋಗುತ್ತಾನೆ.

ಆಗೆಲ್ಲ ನನಗೆ ನಮ್ಮನೆ ಅಡಿಕೆ ಸುಲಿತ ನೆನಪಾಗುತ್ತದೆ. ನೀವೂ ಬರುತ್ತಿದ್ದಿರಿ ಅಕ್ಕ, ನಾನಾಗ ಐದನೇ ಕ್ಲಾಸು. ಚಪ್ಪರದಡಿ ಗ್ಯಾಸ್‌ಲೈಟ್, ಸಾಲಾಗಿ ಮೆಟ್ಟುಗತ್ತಿ. ಕೈ ಅದರ ಪಾಡಿಗೆ ಸುಲಿಯುತ್ತಿತ್ತು, ಬಾಯಿ ಅದರ ಪಾಡಿಗೆ ಊರು ಸುತ್ತುತ್ತಿತ್ತು. ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರಿಗೆ ಸಾಲ ಆಯಿತು, ಯಾವ ಮೇಳದ ಆಟ ಚೆನ್ನಾಗಿತ್ತು, ಎಲ್ಲ ಅಲ್ಲೇ. ಮುಖ ನೋಡಿಕೊಂಡು ಹೇಳಲಾಗದ್ದನ್ನು ಅಡಿಕೆ ನೋಡಿಕೊಂಡು ಹೇಳುತ್ತಿದ್ದರು. ಆಮೇಲೆ ಸುಲಿಯುವ ಮಿಷಿನ್ ಬಂತು. ಕೆಲಸ ಬೇಗ ಮುಗಿಯಿತು, ಜೊತೆಗೆ ರಾತ್ರಿಯ ಆ ಕೂಟವೂ ಮುಗಿಯಿತು. ಸುಲಿದರೆ ಡಬ್ಬಕ್ಕೆ ಇಷ್ಟು ಅಂತ ಕೂಲಿ ಬರುತ್ತಿತ್ತು, ಇದರಲ್ಲಿ ಏನು ಬರುತ್ತೆ ಅಂತ ನೀವು ಕೇಳಬಹುದು. ಏನೂ ಬರುವುದಿಲ್ಲ. ಇ-ಸ್ಪೋರ್ಟ್ಸ್‌ನಲ್ಲಿ, ಅಂದರೆ ವಿಡಿಯೋ ಗೇಮ್ ಪಂದ್ಯಗಳಲ್ಲಿ, ಇವರೆಲ್ಲ ದೇಶಕ್ಕೆ ಪದಕ ತರುತ್ತಾರೆ ಅಂತ ನಾನು ಬೂಸಿ ಬಿಡುವುದಿಲ್ಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಕ್ಕೆ ಪದಕ ಇಟ್ಟಿದ್ದು ಹೌದು. ಆದರೆ ನಮ್ಮ ನಾಲ್ವರು ಅಲ್ಲಿಗೆ ಹೋಗುವವರಲ್ಲ. ಅವರಿಗೂ ಅದು ಗೊತ್ತು.

ಈಗ ಕೆಟ್ಟ ಮಾತಿಗೆ ಬರುತ್ತೇನೆ.

ನಾನೂ ಇದೇ ಹುಚ್ಚಿನಲ್ಲಿ ಬಿದ್ದು ಎದ್ದವನು. 2006ರಲ್ಲಿ ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ದುರ್ಗಿಗುಡಿಯ ಒಂದು ಸೈಬರ್‌ನಲ್ಲಿ ಕೌಂಟರ್ ಸ್ಟ್ರೈಕ್ ಅನ್ನುವ ಬಂದೂಕಿನ ಆಟ ಆಡುತ್ತಿದ್ದೆವು. ಒಂದಕ್ಕೊಂದು ವೈರ್ ಜೋಡಿಸಿದ ಎಂಟು ಕಂಪ್ಯೂಟರ್, ಗಂಟೆಗೆ 15 ರೂಪಾಯಿ. ಅಲ್ಲಿ ಒಂದು ನಿಯಮವಿತ್ತು. ಅಮ್ಮ, ಅಕ್ಕ-ತಂಗಿ ಅಂತ ಬಾಯಿಗೆ ತಂದವನು ಎಲ್ಲರಿಗೂ ಮಂಡಕ್ಕಿ ಕೊಡಿಸಬೇಕು. ನಾವೇನು ಒಳ್ಳೆಯ ಹುಡುಗರಾಗಿದ್ದೆವು ಅಂತಲ್ಲ. ಬೈಸಿಕೊಂಡವನು ಮೂರನೇ ಕುರ್ಚಿಯಲ್ಲೇ ಕೂತಿರುತ್ತಿದ್ದ, ಅಷ್ಟೇ. ಆಟ ಮುಗಿದ ಮೇಲೆ ಅವನ ಜೊತೆಗೇ ಬಸ್ ಸ್ಟ್ಯಾಂಡಿಗೆ ನಡೆಯಬೇಕಿತ್ತು.

ಈಗ ಸ್ಕ್ವಾಡಿಗೆ ಒಬ್ಬ ಕಡಿಮೆ ಬಿದ್ದರೆ ಆಟವೇ ಎಲ್ಲಿಂದಲೋ ಒಬ್ಬರನ್ನು ತಂದು ಸೇರಿಸುತ್ತದೆ. ಅವರಿಗೆ ರ್ಯಾಂಡಮ್ ಅನ್ನುತ್ತಾರೆ. ಮುಖವಿಲ್ಲ, ಊರಿಲ್ಲ, ಅರ್ಧ ಗಂಟೆ ಕಳೆದರೆ ಮತ್ತೆ ಸಿಗುವುದಿಲ್ಲ. ಹಾಗಾಗಿ ನಾಲಿಗೆಗೆ ಲಗಾಮಿಲ್ಲ. ಒಂದು ದಿನ ನಮ್ಮ ಐಟಿಐ ಹುಡುಗ ಇಂಥ ರ್ಯಾಂಡಮ್ ಒಬ್ಬನ ಜೊತೆ ಹರಕು ಹಿಂದಿಯಲ್ಲಿ ಹತ್ತು ನಿಮಿಷ ಬೈದಾಡಿದ. ಕೊನೆಗೆ ಆ ಕಡೆಯವನು ಸುಸ್ತಾಗಿ, ತನ್ನಷ್ಟಕ್ಕೆ, "ಥೂ, ಎಂಥಾ ಗಂಟು ಬಿತ್ತಪ್ಪ" ಅಂದ. ಜಗಲಿ ಗಪ್‌ಚಿಪ್. "ಕನ್ನಡನಾ ಬ್ರೋ?" "ಹೂಂ. ಹಾವೇರಿ." ಈಗ ಆ ಹಾವೇರಿಯವನು ವಾರಕ್ಕೆ ಮೂರು ದಿನ ಇವರ ಜೊತೆ ಆಡುತ್ತಾನೆ. ಸಾಗರದ ಮಾರಿಜಾತ್ರೆಗೂ ಕರೆದಿದ್ದಾರೆ.

ಆದರೆ ಹಾವೇರಿಯವನು ಗಂಡಸು. ಹೆಣ್ಣು ದನಿ ಆಗಿದ್ದರೆ ಕಥೆ ಬೇರೆ.

ನನ್ನ ಅಕ್ಕನ ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಓದುತ್ತಿದ್ದಾಳೆ. ಈ ನಾಲ್ವರಿಗಿಂತ ಚೆನ್ನಾಗಿ ಆಡುತ್ತಾಳೆ. ಅವಳ ಐಡಿ ಒಂದು ಗಂಡು ಹೆಸರು, ಮೈಕ್ ಯಾವಾಗಲೂ ಆಫ್. ಒಂದೇ ಒಂದು ಸಲ, ಎಡಗಡೆ ಎನಿಮಿ ಇದ್ದಾನೆ ಅಂತ ಹೇಳಲು ಮೈಕ್ ಆನ್ ಮಾಡಿದ್ದಳಂತೆ. ಆಮೇಲೆ ಅವಳ ಕಿವಿಗೆ ಬಿದ್ದಿದ್ದನ್ನು ಅವಳ ಅಮ್ಮನಿಗೆ ಹೇಳಿಲ್ಲ, ನನಗೆ ಹೇಳಿದಳು. ನಾನು ಇಲ್ಲಿ ಬರೆಯಲಾರೆ. ಮ್ಯೂಟ್ ಮಾಡುವ ಬಟನ್ ಇದೆ, ರಿಪೋರ್ಟ್ ಮಾಡುವ ಬಟನ್ನೂ ಇದೆ. ಒಬ್ಬನನ್ನು ಮ್ಯೂಟ್ ಮಾಡಿದರೆ ಮುಂದಿನ ಮ್ಯಾಚಿನಲ್ಲಿ ಇನ್ನೊಬ್ಬ. "ಮೈಕ್ ಆಫ್ ಮಾಡ್ಕೊಂಡು ಆಡೋದು ಅಂದ್ರೆ ಬಾಯಿಗೆ ಬಟ್ಟೆ ಕಟ್ಕೊಂಡು ಕಬಡ್ಡಿ ಆಡಿದ ಹಾಗೆ ಮಾವ" ಅಂದಳು.

ಇದಾಗಿ ಸ್ವಲ್ಪ ದಿನಕ್ಕೆ ನಮ್ಮ ಜಗಲಿಯಲ್ಲೇ ಒಬ್ಬ, ರ್ಯಾಂಡಮ್ ಆಗಿ ಬಂದ ಯಾರೋ ಹುಡುಗಿಗೆ, ಅಡುಗೆ ಮನೆಗೆ ಹೋಗು ಅಂದ. ಅದರ ಮುಂದೆ ಇನ್ನೂ ಏನೋ ಅಂದ. ಅವನ ಇಯರ್‌ಫೋನ್ ಕೆಟ್ಟಿತ್ತು, ಹಾಗಾಗಿ ಎರಡೂ ಕಡೆ ಮಾತು ನನಗೆ ಕೇಳಿತು. ನಾನು ಎದ್ದು ಹೋಗಿ ರೂಟರ್ ವೈರ್ ಕಿತ್ತೆ. ನಾಲ್ವರನ್ನೂ ಕೂರಿಸಿ ನನ್ನ ಅಕ್ಕನ ಮಗಳ ಕಥೆ ಹೇಳಿದೆ. ಆ ಹುಡುಗನಿಗೆ ಎಸ್ಎಸ್ಎಲ್‌ಸಿಯಲ್ಲಿ ಲೆಕ್ಕ ಹೇಳಿಕೊಟ್ಟು ಪಾಸ್ ಮಾಡಿಸಿದವಳು ಅವಳೇ. "ಅವ್ಳೂ ಆಡ್ತಾಳಾ?" ಅಂದ. ಆಮೇಲೆ ಬಹಳ ಹೊತ್ತು ಚಪ್ಪಲಿಯ ಉಂಗುಟ ನೋಡುತ್ತಾ ಕೂತಿದ್ದ. ಅವತ್ತಿನಿಂದ ದುರ್ಗಿಗುಡಿಯ ಮಂಡಕ್ಕಿ ನಿಯಮ ನನ್ನ ಜಗಲಿಯಲ್ಲೂ ಜಾರಿಗೆ ಬಂದಿದೆ. ಕಳೆದ ತಿಂಗಳು ನಾಲ್ಕು ಸಲ ಮಂಡಕ್ಕಿ ತಿಂದೆವು. ಅಂದರೆ ನಾಲಿಗೆ ಇನ್ನೂ ಪೂರ್ತಿ ರಿಪೇರಿ ಆಗಿಲ್ಲ.

ನಾನು ಹೇಳಬೇಕಾಗಿದ್ದು ಇಷ್ಟೇ ಅಕ್ಕ. ಅವತ್ತು ಆ ಮಾತು ನನಗೆ ಕೇಳಿತು, ಅದಕ್ಕೆ ತಡೆದೆ. ಇವರನ್ನು ಇಲ್ಲಿಂದ ಎಬ್ಬಿಸಿದರೆ ಮನೆಗೆ ಹೋಗಿ ಪುಸ್ತಕ ಹಿಡಿಯುತ್ತಾರೆ ಅಂದುಕೊಂಡಿದ್ದೀರಾ? ಸಿಗ್ನಲ್ ಸಿಗುವ ಗುಡ್ಡಕ್ಕೆ ಹೋಗುತ್ತಾರೆ. ಕೊರೊನಾ ವರ್ಷ ಟಾರ್ಪಾಲ್ ಕಟ್ಟಿಕೊಂಡು ಆನ್‌ಲೈನ್ ಪಾಠ ಕೇಳಿದ ಅದೇ ಗುಡ್ಡ. ಅವತ್ತು ಸಾಲ ಮಾಡಿ ಫೋನ್ ಕೊಡಿಸಿದವರು ನಾವೇ ಅಲ್ವಾ? ಅಲ್ಲಿ ಇಂಬಳ ಇರುತ್ತದೆ, ಮಳೆ ಇರುತ್ತದೆ, ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಏನು ಮಾತಾಡಿದರೂ ಕೇಳಿಸಿಕೊಳ್ಳಲು ದೊಡ್ಡವರು ಒಬ್ಬರೂ ಇರುವುದಿಲ್ಲ.

ಬ್ಯಾನ್ ಮಾಡಿದರೆ ಏನಾಗುತ್ತದೆ ಅಂತ ಊಹೆ ಮಾಡುವ ಕಷ್ಟವೂ ಬೇಡ, ಅಂಗಡಿಯಲ್ಲಿ ಕೂತು ನೋಡಿದ್ದೇನೆ. 2020ರಲ್ಲಿ ಪಬ್ಜಿಯೂ ಸೇರಿ 118 ಆಪ್‌ಗಳನ್ನು ಕೇಂದ್ರ ಸರ್ಕಾರ ಬ್ಯಾನ್ ಮಾಡಿತು. ಹುಡುಗರು ಅಂಥದ್ದೇ ಇನ್ನೊಂದು ಆಟ ಫ್ರೀ ಫೈರ್‌ಗೆ ಹೋದರು. 2022ರ ಫೆಬ್ರವರಿಯಲ್ಲಿ ಅದೂ ಹೋಯಿತು. ಅದೇ ವರ್ಷ ಜುಲೈನಲ್ಲಿ ಬಿಜಿಎಂಐಯನ್ನೂ ಆಪ್ ಸ್ಟೋರ್‌ಗಳಿಂದ ತೆಗೆದರು, 2023ರ ಮೇನಲ್ಲಿ ವಾಪಸ್ ಬಂತು. ಫೋನಿನಲ್ಲಿ ಮೊದಲೇ ಇದ್ದವರು ಆಡುತ್ತಲೇ ಇದ್ದರು. ಬೇರೆ ದೇಶದಲ್ಲಿ ಕೂತ ಹಾಗೆ ತೋರಿಸಿ ಬ್ಯಾನ್ ದಾಟುವ ವಿಪಿಎನ್ ಅಂದರೆ ಏನು ಅಂತ ನನಗೆ ಕಲಿಸಿದ್ದೇ ಆ ವರ್ಷಗಳ ಹುಡುಗರು. ಸರ್ಕಾರದ ಕೈಗೇ ಸಿಗದ್ದು ನಮ್ಮ ಪಂಚಾಯಿತಿಯ ಪಾಸ್‌ವರ್ಡಿಗೆ ಸಿಗುತ್ತದಾ?

ದುಡ್ಡಿನ ಮಾತೂ ಸಭೆಯಲ್ಲಿ ಬಂತಂತೆ. ಆನ್‌ಲೈನ್ ಆಟಕ್ಕೆ ದುಡ್ಡು ಹಾಕಿ ಮನೆ ಹಾಳಾದವರಿದ್ದಾರೆ ಅಂತ ಒಬ್ಬರು ಹೇಳಿದರಂತೆ. ಇದ್ದಾರೆ, ನನಗೂ ಗೊತ್ತು. ಆದರೆ ಅದು ರಮ್ಮಿ, ಬೆಟ್ಟಿಂಗ್. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಅಂಥದ್ದನ್ನು ಪೂರ್ತಿ ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ಸುಮ್ನೆ ಕೂಡಿ ಆಡುವ ಆಟಗಳನ್ನು ಬೇರೆಯಾಗಿಯೇ ಇಟ್ಟಿದೆ. ದೆಹಲಿಯವರೇ ಬೇರೆ ಮಾಡಿದ್ದನ್ನು ನೀವು ಒಂದೇ ಗೂಟಕ್ಕೆ ಕಟ್ಟಬೇಡಿ.

ಹಾಗಂತ ಬಿಜಿಎಂಐ ಬಿಟ್ಟಿ ಅಲ್ಲ. ಬಂದೂಕಿಗೆ, ಅಂಗಿಗೆ ಬಣ್ಣ ಹಾಕಿಸಲು ದುಡ್ಡು. ಸ್ಕಿನ್ ಅನ್ನುತ್ತಾರೆ. ಅದರಿಂದ ಗುಂಡು ಜೋರಾಗಿ ಹೋಗುವುದಿಲ್ಲ, ಬರೀ ಶೋಕಿ. ಒಬ್ಬ ಅಮ್ಮನ ಫೋನಿನ ಯುಪಿಐಯಿಂದ 1,600 ರೂಪಾಯಿ ತೆಗೆದ. ಅಮ್ಮ ನಾಲ್ಕು ದಿನ ಗದ್ದೆ ನೆಟ್ಟ ಕೂಲಿ ಅದು. 18 ತುಂಬದವರಿಗೆ ದಿನಕ್ಕೆ 3 ಗಂಟೆ ಆಟ, 7,000 ರೂಪಾಯಿ ಖರ್ಚು, ಅದಕ್ಕಿಂತ ಜಾಸ್ತಿ ಇಲ್ಲ ಅಂತ ಆಟದ ಕಂಪನಿ 2021ರಲ್ಲೇ ಮಿತಿ ಇಟ್ಟಿತ್ತು. ದಿನಕ್ಕೆ ಏಳು ಸಾವಿರ! ನಮ್ಮೂರಲ್ಲಿ ಯಾವ ಮನೆಗೆ ಅದು ಮಿತಿ? ಇನ್ನು ಅಪ್ಪ-ಅಮ್ಮನ ಒಪ್ಪಿಗೆ. ಅದು ಒಂದು ಒಟಿಪಿ. ಮಗ ಫೋನ್ ಮಾಡಿದರೆ ಅಪ್ಪ ತೋಟದಲ್ಲಿ ನಿಂತು, ಕನ್ನಡಕ ಇಲ್ಲದೆ ಕಣ್ಣು ಕಿರಿದು ಮಾಡಿಕೊಂಡು ನಂಬರ್ ಓದಿ ಹೇಳುತ್ತಾನೆ. ಯಾಕೆ ಅಂತ ಕೇಳುವುದಿಲ್ಲ. ಅಪ್ಪಂದಿರೇ, ದಯವಿಟ್ಟು ಒಮ್ಮೆ ಕೇಳಿ.

ನನಗೆ ನಿಜವಾಗಿ ಚಿಂತೆ ಇರುವುದು ಜಗಲಿಗೆ ಬಾರದ ಒಬ್ಬ ಹುಡುಗನ ಬಗ್ಗೆ. ಮೊದಲು ಬರುತ್ತಿದ್ದ. ಈಗ ಮನೆಯ ಅಟ್ಟದಲ್ಲಿ ಒಬ್ಬನೇ ಬೆಳಗಿನ ಮೂರರವರೆಗೆ ಆಡುತ್ತಾನೆ, ಕಾಲೇಜು ಬಿಟ್ಟಿದ್ದಾನೆ, ಊಟಕ್ಕೆ ಕರೆದರೆ ರೇಗುತ್ತಾನೆ ಅಂತ ಅವನ ತಂಗಿ ಹೇಳಿದಳು. ಆಟದ ಮೇಲೆ ಹಿಡಿತ ತಪ್ಪಿ, ಬೇರೆ ಎಲ್ಲ ಹಿಂದೆ ಬಿದ್ದು, ಹಾನಿ ಆಗುತ್ತಿದ್ದರೂ ಬಿಡಲಾಗದೆ ವರ್ಷದಷ್ಟು ಕಾಲ ನಡೆದರೆ ಅದನ್ನು ಕಾಯಿಲೆ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿಗೆ ಸೇರಿಸಿದೆ. 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರ್ ಬರೆದು ಅಂಗಡಿ ಗೋಡೆಗೆ ಅಂಟಿಸಿದ್ದೇನೆ. ಪಂಚಾಯಿತಿ ಗೋಡೆಗೂ ಅಂಟಿಸಿ. ನಿಮ್ಮ ಠರಾವಿನಲ್ಲಿ ಆ ಹುಡುಗನ ಬಗ್ಗೆ ಒಂದು ಸಾಲೂ ಇಲ್ಲ. ಅವನು ಕೂಗಾಡುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿಲ್ಲ.

ನಾನು ಕೇಳುವುದು ಜಾಸ್ತಿ ಏನಿಲ್ಲ. ರಾತ್ರಿ ಎಂಟೂಮುಕ್ಕಾಲಿಗೆ ವೈಫೈ ನಾನೇ ಆಫ್ ಮಾಡುತ್ತೇನೆ. ಪರೀಕ್ಷೆ ತಿಂಗಳಲ್ಲಿ ಪೂರ್ತಿ ಬಂದ್, ಅದಕ್ಕೆ ಹುಡುಗರೂ ಗೊಣಗುತ್ತಾ ಒಪ್ಪಿದ್ದಾರೆ. ಅರಿವು ಕೇಂದ್ರದ ಹಾಲನ್ನು ಶನಿವಾರ ಸಂಜೆ ಎರಡು ಗಂಟೆ ಬಿಟ್ಟು ಕೊಡಿ. ಅದರಲ್ಲಿ ಒಂದು ಗಂಟೆ ಹೆಣ್ಣುಮಕ್ಕಳಿಗೆ, ಮೈಕ್ ಆನ್ ಮಾಡಿಕೊಂಡು ಆಡಲಿ. ನನ್ನ ಅಕ್ಕನ ಮಗಳು ಊರಿಗೆ ಬಂದಾಗ ಕಲಿಸುತ್ತಾಳಂತೆ, ಈಗಾಗಲೇ ಮೂವರು ಹೆಸರು ಕೊಟ್ಟಿದ್ದಾರೆ. ಹಾಲಿನಲ್ಲಿ ಯಾರಾದರೂ ದೊಡ್ಡವರು ಪೇಪರ್ ಓದುತ್ತಾ ಕೂತಿದ್ದರೆ ಸಾಕು. ಆಟ ಅರ್ಥ ಆಗಬೇಕಿಲ್ಲ, ಕಿವಿ ಕೇಳಿದರೆ ಸಾಕು.

ಸಭೆಗೆ ಮೊದಲು ಒಂದು ಶನಿವಾರ ಏಳು ಗಂಟೆಗೆ ಅಂಗಡಿ ಕಡೆ ಬನ್ನಿ ಅಕ್ಕ, ಸದಸ್ಯರನ್ನೂ ಕರೆದುಕೊಂಡು ಬನ್ನಿ. ಎಂಟೂವರೆವರೆಗೆ ಕೂತರೆ ಪೀಣ್ಯದವನೂ ಸಿಗುತ್ತಾನೆ, ನಿಮ್ಮನ್ನು ಗುರುತು ಹಿಡಿಯುತ್ತಾನೆ. ಬಾಗಿಲ ಎಡಗಡೆ ಮಾತ್ರ ಕೂರಬೇಡಿ, ಅಲ್ಲಿ ಹೆಂಚು ಸೋರುತ್ತದೆ. ಅವತ್ತು ಯಾರದಾದರೂ ಬಾಯಿ ಜಾರಿದರೆ ಮಂಡಕ್ಕಿಯಲ್ಲಿ ನಿಮಗೂ ಒಂದು ಪಾಲು.

ಇಂತಿ ನಿಮ್ಮ,
ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯವನು
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ